ಅಮೆರಿಕದಲ್ಲಿ 65 ದಾಟಿದವರಿಗೆಲ್ಲ ಪಿಂಚಣಿ, ಚಿಕಿತ್ಸೆ ಉಚಿತವೇ? ಫಾರ್ವರ್ಡ್ ಹೇಳದ ಅರ್ಧ ಇಲ್ಲಿದೆ

"ಅಮೆರಿಕದಲ್ಲಿ 65 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಸರ್ಕಾರವೇ ಪಿಂಚಣಿ ಕೊಡುತ್ತದೆ, ಆಸ್ಪತ್ರೆ ಖರ್ಚೂ ಉಚಿತ. ಮಕ್ಕಳು ಗ್ರೀನ್ ಕಾರ್ಡ್ ಮಾಡಿಸಿಕೊಟ್ಟರೆ ನಮ್ಮ ಹಿರಿಯರಿಗೂ ಸಿಗುತ್ತದೆ." ಈ ಅರ್ಥದ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತವೆ. ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳಲ್ಲಿ ಇದನ್ನು ನಂಬಿ ಇಲ್ಲಿನ ಆರೋಗ್ಯ ವಿಮೆ ನಿಲ್ಲಿಸಿದರೆ, ಮನೆ ಮಾರಿದರೆ, ನಷ್ಟ ದೊಡ್ಡದು. ಹಾಗಾಗಿ ಇದರಲ್ಲಿ ನಿಜವೆಷ್ಟು ಎಂದು ನೋಡೋಣ.

ಎರಡು ಬೇರೆ ಬೇರೆ ಯೋಜನೆಗಳು

ಪಿಂಚಣಿ ಕೊಡುವುದು ಸೋಷಿಯಲ್ ಸೆಕ್ಯುರಿಟಿ. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಇದರ ಕಾಯ್ದೆಗೆ ಸಹಿ ಹಾಕಿದ್ದು 1935ರಲ್ಲಿ. ಹಿರಿಯರ ಆರೋಗ್ಯ ವಿಮೆ ಮೆಡಿಕೇರ್. ಇದು 1965ರಲ್ಲಿ ಲಿಂಡನ್ ಜಾನ್ಸನ್ ಕಾಲದಲ್ಲಿ ಬಂತು.

ಎರಡಕ್ಕೂ ದುಡಿಯುವವರ ಸಂಬಳದಿಂದ ಹಣ ಬರುತ್ತದೆ. ಸೋಷಿಯಲ್ ಸೆಕ್ಯುರಿಟಿಗೆ ಸಂಬಳದ ಶೇ. 6.2, ಮೆಡಿಕೇರ್‌ಗೆ ಶೇ. 1.45 ಕಡಿತವಾಗುತ್ತದೆ. ಕೆಲಸ ಕೊಟ್ಟವರೂ ಅಷ್ಟನ್ನೇ ಸೇರಿಸಿ ಕಟ್ಟಬೇಕು. 1,000 ಡಾಲರ್ ಸಂಬಳವಿದ್ದರೆ ನೌಕರನಿಂದ 76.50, ಕಂಪನಿಯಿಂದ 76.50, ಒಟ್ಟು 153 ಡಾಲರ್. ನಮ್ಮ ಪಿಎಫ್‌ನಂತೆ ಇದು ಅವರವರ ಖಾತೆಯಲ್ಲಿ ಕೂರುವುದಿಲ್ಲ. ಇಂದು ದುಡಿಯುವವರು ಕಟ್ಟಿದ ಹಣದಿಂದ ಇಂದಿನ ಹಿರಿಯರಿಗೆ ಪಿಂಚಣಿ ಹೋಗುತ್ತದೆ.

ವಯಸ್ಸಾದರೆ ಸಾಲದು, 40 ಕ್ರೆಡಿಟ್ ಬೇಕು

ಫಾರ್ವರ್ಡ್‌ಗಳು ಬಿಟ್ಟುಬಿಡುವುದು ಇದನ್ನೇ. ನಿವೃತ್ತಿ ಪಿಂಚಣಿಗೆ ಅರ್ಹರಾಗಲು 40 ಕ್ರೆಡಿಟ್ ಗಳಿಸಬೇಕು. ವರ್ಷಕ್ಕೆ ಸಿಗುವುದು ಹೆಚ್ಚೆಂದರೆ 4. ಅಂದರೆ ಎಷ್ಟೇ ದೊಡ್ಡ ಸಂಬಳವಿದ್ದರೂ ಕನಿಷ್ಠ 10 ವರ್ಷ ಅಲ್ಲಿ ತೆರಿಗೆ ಕಟ್ಟಿ ದುಡಿದಿರಬೇಕು.

ಮೊತ್ತವೂ ಎಲ್ಲರಿಗೂ ಒಂದೇ ಅಲ್ಲ. ಅತಿ ಹೆಚ್ಚು ಗಳಿಸಿದ 35 ವರ್ಷಗಳ ಸಂಬಳದ ಮೇಲೆ ಲೆಕ್ಕ ಹಾಕುತ್ತಾರೆ. 1960 ಅಥವಾ ನಂತರ ಹುಟ್ಟಿದವರಿಗೆ ಪೂರ್ತಿ ಪಿಂಚಣಿಯ ವಯಸ್ಸು 65 ಅಲ್ಲ, 67. ಇವರು 62ಕ್ಕೇ ಪಡೆಯಲು ಶುರು ಮಾಡಿದರೆ ಶೇ. 30ರಷ್ಟು ಕಡಿಮೆ, 70ರವರೆಗೆ ಕಾದರೆ ಶೇ. 24ರಷ್ಟು ಹೆಚ್ಚು. 2025ರ ಆರಂಭದಲ್ಲಿ ನಿವೃತ್ತರ ಸರಾಸರಿ ಪಿಂಚಣಿ ತಿಂಗಳಿಗೆ ಸುಮಾರು 2,000 ಡಾಲರ್ ಇತ್ತು. ಅಲ್ಲಿನ ಮನೆ ಬಾಡಿಗೆಯ ಮುಂದೆ ಇದು ಐಷಾರಾಮದ ಮೊತ್ತವೇನಲ್ಲ.

ಮೆಡಿಕೇರ್ ಇದ್ದವರೂ ಹಣ ಕಟ್ಟುತ್ತಾರೆ

ಆಸ್ಪತ್ರೆಗೆ ದಾಖಲಾದರೆ ಖರ್ಚು ನೋಡಿಕೊಳ್ಳುವುದು ಪಾರ್ಟ್ ಎ. ತಾವೋ ಗಂಡ ಅಥವಾ ಹೆಂಡತಿಯೋ 40 ಕ್ರೆಡಿಟ್ ಗಳಿಸಿದ್ದರೆ ಇದಕ್ಕೆ ಮಾಸಿಕ ಕಂತಿಲ್ಲ. ಆದರೂ 2025ರಲ್ಲಿ ಆಸ್ಪತ್ರೆ ಸೇರಿದರೆ ಮೊದಲ 1,676 ಡಾಲರ್ ರೋಗಿಯೇ ಕೊಡಬೇಕಿತ್ತು. ವೈದ್ಯರ ಭೇಟಿ, ಪರೀಕ್ಷೆಗಳಿಗೆ ಪಾರ್ಟ್ ಬಿ. ಇದಕ್ಕೆ 2025ರಲ್ಲಿ ತಿಂಗಳಿಗೆ 185 ಡಾಲರ್ ಕಂತು, ಜೊತೆಗೆ ಸಾಮಾನ್ಯವಾಗಿ ಬಿಲ್ಲಿನ ಶೇ. 20 ಕೈಯಿಂದ. ಔಷಧಿಗೆ ಪಾರ್ಟ್ ಡಿ ಪ್ರತ್ಯೇಕ.

ಹಲ್ಲಿನ ಮಾಮೂಲಿ ಚಿಕಿತ್ಸೆ, ಕನ್ನಡಕ, ಶ್ರವಣ ಸಾಧನ, ವರ್ಷಗಟ್ಟಲೆ ಮನೆಯಲ್ಲಿ ನೋಡಿಕೊಳ್ಳುವ ಆರೈಕೆ ಇವು ಮೂಲ ಮೆಡಿಕೇರ್‌ನಲ್ಲಿ ಬರುವುದಿಲ್ಲ. ಅರ್ಹತೆ ಬಂದಾಗ ಬೇರೆ ವಿಮೆಯೂ ಇಲ್ಲದೆ ಪಾರ್ಟ್ ಬಿ ಸೇರದೆ ತಡ ಮಾಡಿದರೆ, ತಡವಾದ ಪ್ರತಿ 12 ತಿಂಗಳಿಗೆ ಕಂತು ಶೇ. 10ರಷ್ಟು ಏರುತ್ತದೆ. ಆ ದಂಡ ಸಾಮಾನ್ಯವಾಗಿ ಜೀವನಪರ್ಯಂತ.

ಇಲ್ಲಿಂದ ಹೋಗುವ ಅಪ್ಪ-ಅಮ್ಮನಿಗೆ ಏನು ಸಿಗುತ್ತದೆ?

ಮೊದಲನೆಯದಾಗಿ, ಹೆತ್ತವರಿಗೆ ಗ್ರೀನ್ ಕಾರ್ಡ್ ಕೋರಿ ಅರ್ಜಿ ಹಾಕಲು ಮಕ್ಕಳು ಗ್ರೀನ್ ಕಾರ್ಡ್ ಹೊಂದಿದ್ದರೆ ಸಾಲದು. ಅವರು 21 ದಾಟಿದ ಅಮೆರಿಕದ ಪೌರರಾಗಿರಬೇಕು.

ಗ್ರೀನ್ ಕಾರ್ಡ್ ಬಂದ ಮಾತ್ರಕ್ಕೆ ಪಿಂಚಣಿ ಬರುವುದಿಲ್ಲ. ಅಲ್ಲಿ ದುಡಿಯದ ಅಪ್ಪ-ಅಮ್ಮನ ಕ್ರೆಡಿಟ್ ಸೊನ್ನೆ. ಮಗ 20 ವರ್ಷ ತೆರಿಗೆ ಕಟ್ಟಿದ್ದರೂ ಆ ಕ್ರೆಡಿಟ್ ಅವನದೇ, ಹೆತ್ತವರ ಲೆಕ್ಕಕ್ಕೆ ಬರುವುದಿಲ್ಲ.

ಮೆಡಿಕೇರ್ ವಿಷಯದಲ್ಲಿ ಒಂದು ದಾರಿ ಇದೆ. 65 ದಾಟಿ, ಗ್ರೀನ್ ಕಾರ್ಡ್ ಹೊಂದಿ, ಸತತ 5 ವರ್ಷ ಅಲ್ಲಿ ವಾಸವಿದ್ದವರು ಹಣ ಕೊಟ್ಟು ಸೇರಬಹುದು. ಕ್ರೆಡಿಟ್ ಏನೂ ಇಲ್ಲದವರಿಗೆ 2025ರಲ್ಲಿ ಪಾರ್ಟ್ ಎ ಕಂತು ತಿಂಗಳಿಗೆ 518 ಡಾಲರ್. ಪಾರ್ಟ್ ಬಿಯ 185 ಸೇರಿಸಿದರೆ 703 ಡಾಲರ್, ಅಂದರೆ ಸುಮಾರು 60 ಸಾವಿರ ರೂಪಾಯಿ. ಇದು ಒಬ್ಬರಿಗೆ. ಇಬ್ಬರಿದ್ದರೆ ದುಪ್ಪಟ್ಟು.

ಆ ಮೊದಲ 5 ವರ್ಷವೇ ಕಷ್ಟದ ಕಾಲ. ಗ್ರೀನ್ ಕಾರ್ಡ್ ಇದ್ದವರು ಅಲ್ಲಿನ 'ಮಾರ್ಕೆಟ್‌ಪ್ಲೇಸ್' ಮೂಲಕ ವಿಮೆ ಕೊಳ್ಳಬಹುದು. ಮೊದಲೇ ಸಕ್ಕರೆ ಕಾಯಿಲೆ, ಬಿಪಿ ಇದೆ ಎಂದು ಅಲ್ಲಿ ನಿರಾಕರಿಸುವಂತಿಲ್ಲ. ಆದರೆ ವಿಸಿಟರ್ ವೀಸಾದಲ್ಲಿ ಮೊಮ್ಮಗುವನ್ನು ನೋಡಲು ಹೋಗುವವರಿಗೆ ಮೆಡಿಕೇರ್ ಇಲ್ಲವೇ ಇಲ್ಲ. ಅವರು ಪ್ರವಾಸ ವಿಮೆ ಮಾಡಿಸಿಕೊಂಡೇ ಹೋಗಬೇಕು. ಅಂಥ ಪಾಲಿಸಿಗಳಲ್ಲಿ ಹಳೆಯ ಕಾಯಿಲೆಗಳಿಗೆ ಮಿತಿ ಇರುವುದೇ ಹೆಚ್ಚು, ಷರತ್ತು ಓದಿ ಕೊಳ್ಳಿ.

ಅಲ್ಲಿ ದುಡಿದು ವಾಪಸ್ ಬಂದವರಿಗೆ?

ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುವವರೂ ಈ ತೆರಿಗೆ ಕಟ್ಟುತ್ತಾರೆ. ಆರೇ ವರ್ಷಕ್ಕೆ ಬೆಂಗಳೂರಿಗೆ ಮರಳಿದರೆ ಕಟ್ಟಿದ ಹಣ ವಾಪಸ್ ಬರುವುದಿಲ್ಲ, ಪಿಂಚಣಿಯೂ ಇಲ್ಲ. ಎರಡು ದೇಶಗಳಲ್ಲಿ ದುಡಿದ ವರ್ಷಗಳನ್ನು ಕೂಡಿಸಿ ಲೆಕ್ಕ ಹಾಕುವ ಒಪ್ಪಂದ ಭಾರತಕ್ಕೆ ಜರ್ಮನಿ, ಕೆನಡಾದಂಥ ದೇಶಗಳ ಜೊತೆ ಇದೆ. ಅಮೆರಿಕದ ಜೊತೆ ಜಾರಿಯಲ್ಲಿಲ್ಲ. ಆದರೆ ಗಳಿಸಿದ ಕ್ರೆಡಿಟ್ ಅಳಿಸಿಹೋಗುವುದಿಲ್ಲ. ಮತ್ತೆ ಹೋಗಿ ದುಡಿದರೆ ಹಳೆಯದಕ್ಕೆ ಸೇರುತ್ತದೆ.

40 ಕ್ರೆಡಿಟ್ ಪೂರ್ತಿ ಆದವರು ಊರಿಗೆ ಬಂದು ನೆಲೆಸಿದರೂ ಷರತ್ತುಗಳಿಗೆ ಒಳಪಟ್ಟು ಪಿಂಚಣಿ ಪಡೆಯಬಹುದು. ಮೆಡಿಕೇರ್ ಮಾತ್ರ ಹಾಗಲ್ಲ. ಮೈಸೂರಿನ ಆಸ್ಪತ್ರೆಯ ಬಿಲ್ಲನ್ನು ಅದು ಕಟ್ಟುವುದಿಲ್ಲ.

ನಮ್ಮ ತೀರ್ಮಾನ

ಸಂದೇಶ ಅರ್ಧ ಸತ್ಯ. ಪಿಂಚಣಿಯೂ ಇದೆ, ವಿಮೆಯೂ ಇದೆ. ಆದರೆ ಅವು ವಯಸ್ಸಿಗೆ ಸಿಗುವ ಉಡುಗೊರೆಗಳಲ್ಲ, ಅಲ್ಲಿ ದುಡಿದು ತೆರಿಗೆ ಕಟ್ಟಿದವರ ಹಕ್ಕು. ಅಮೆರಿಕಕ್ಕೆ ಹೊರಡುವ ಹಿರಿಯರು ಮನೆಯಲ್ಲಿದ್ದರೆ, ಮೊದಲ 5 ವರ್ಷದ ವಿಮೆಗೆ ಯಾರು, ಎಷ್ಟು ಕಟ್ಟುತ್ತಾರೆ ಎಂಬುದನ್ನು ಮಕ್ಕಳ ಜೊತೆ ಕೂತು ಲೆಕ್ಕ ಹಾಕಿ. ಅದು ಖಚಿತವಾಗುವವರೆಗೆ ಇಲ್ಲಿನ ಆರೋಗ್ಯ ವಿಮೆಯ ಕಂತು ನಿಲ್ಲಿಸಬೇಡಿ. ವಯಸ್ಸಾದ ಮೇಲೆ ಒಮ್ಮೆ ಕೈಬಿಟ್ಟ ಪಾಲಿಸಿಯನ್ನು ಮತ್ತೆ ಪಡೆಯುವುದು ಸುಲಭವಲ್ಲ.