ಒಂದು ಎಕರೆ ಮಾರಿ ಬಂದವರು

ಅಣ್ಣಿಗೇರಿಯಿಂದ ಮೂಡಣಕ್ಕೆ ಗದಗ, ಕೊಪ್ಪಳ ದಾಟಿ ಗಂಗಾವತಿ ಕಡೆ ಹೊರಳಿದರೆ ಊರ ಹೆಸರುಗಳೇ ಬದಲಾಗತಾವ. ಹಾಳ, ಕೊಪ್ಪ, ಹಳ್ಳಿ ಅಂತ ಮುಗಿಯೋ ಹೆಸರುಗಳ ನಡುವೆ ‘ಕ್ಯಾಂಪ್’ ಅನ್ನೋ ಬೋರ್ಡು ಕಾಣಿಸ್ತದ. ಕಾರಟಗಿ, ಸಿಂಧನೂರು, ಮಾನ್ವಿ ತನಕ ಕಾಲುವೆ ಗುಂಟ ಇಂಥವೇ. ಮನೆಯೊಳಗೆ ತೆಲುಗು, ಸಂತೆಯಲ್ಲಿ ಕನ್ನಡ. ಆಂಧ್ರದ ಕೃಷ್ಣಾ, ಗೋದಾವರಿ, ಗುಂಟೂರು ಜಿಲ್ಲೆಗಳಿಂದ ಬಂದ ಒಕ್ಕಲುತನದವರು ಮೊದಲು ಹೊಲದಾಗ ಗುಡಿಸಲು ಹಾಕಿ ಬೀಡು ಬಿಟ್ಟರು. ಬೀಡು ಊರಾಯಿತು, ಹೆಸರು ಮಾತ್ರ ಕ್ಯಾಂಪ್ ಅಂತಲೇ ಉಳೀತು.

ಹುಟ್ಟಿದ ಊರು, ನೆಂಟರು, ಅಂಗಳದ ತೆಂಗು ಬಿಟ್ಟು ರಾಯಚೂರಿನ ಬಿಸಿಲಿಗೆ ಇವರು ಯಾಕೆ ಬಂದ್ರು? ‘ತುಂಗಭದ್ರೆ ನೀರು ಬಂತು, ಅದಕ್ಕೆ ಬಂದ್ರು’ ಅಂತ ನಮ್ಮವರು ಹೇಳಿ ಮುಗಿಸ್ತಾರ. ಅದು ಅರ್ಧ ಉತ್ತರ. ನೀರು ಅಲ್ಲಿಯ ಮೂಲದವರ ಹೊಲಕ್ಕೂ ಬಂದಿತ್ತಲ್ಲ!

ಇನ್ನರ್ಧ ಉತ್ತರ ನೆಲದ ಬೆಲೆಯಲ್ಲಿ ಐತಿ. ಗೋದಾವರಿಗೆ ಧವಳೇಶ್ವರದಲ್ಲಿ 1852ರಲ್ಲೇ ಅಣೆಕಟ್ಟು ಕಟ್ಟಿದ್ದರು. ನೂರು ವರ್ಷ ಕಾಲುವೆ ನೀರುಂಡ ನೆಲ ಅದು. ಜನ ಹೆಚ್ಚಿ, ಅಣ್ಣ ತಮ್ಮಂದಿರ ಪಾಲಾಗಿ ಹಿಡುವಳಿ ಸಣ್ಣದಾಗಿತ್ತು, ಬೆಲೆ ಮುಗಿಲಿಗೆ ಏರಿತ್ತು. ಇತ್ತ ತುಂಗಭದ್ರಾ ಅಣೆಕಟ್ಟು 1953ರ ಹೊತ್ತಿಗೆ ಮುಗಿದಾಗ ಎಡದಂಡೆಯಲ್ಲಿದ್ದದ್ದು ಮಳೆ ನಂಬಿದ ಎರಿ ಹೊಲ. ಬರ ಬಂದರೆ ಜೋಳವೂ ಕೈಗೆ ಹತ್ತದ ನೆಲಕ್ಕೆ ಬೆಲೆ ಎಷ್ಟಿದ್ದೀತು? ಅಲ್ಲಿ ಒಂದು ಎಕರೆ ಮಾರಿದವನಿಗೆ ಇಲ್ಲಿ ಹಲವು ಎಕರೆ ಸಿಕ್ಕಿತು. ಉಳಿದ ರೊಕ್ಕದಲ್ಲಿ ನೆಲ ಮಟ್ಟ ಮಾಡಿದ, ಬದು ಹಾಕಿದ.

ಬಿಸಿಲೂ ಬಂಡವಾಳ

ನಾವು ಬಿಸಿಲನ್ನ ಬೈತೀವಿ. ಭತ್ತದವ ಬೈಯೋದಿಲ್ಲ. ಧಾರವಾಡ, ಕಲಘಟಗಿ ಕಡೆ ಭತ್ತ ಅಂದರೆ ಮುಂಗಾರಿನದು. ಡಿಸೆಂಬರ್–ಜನವರಿಯ ಚಳಿಯಲ್ಲಿ ರಾತ್ರಿ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿದರೆ ಸಸಿ ಹಳದಿಯಾಗಿ ಬೆಳವಣಿಗೆ ಕುಂಟತದ, ಹೊಡೆ ಬಿಚ್ಚುವಾಗ ಥಂಡಿ ಹಿಡಿದರೆ ಕಾಳಿಗಿಂತ ಜೊಳ್ಳೇ ಹೆಚ್ಚು. ಸಿಂಧನೂರು ಕಡೆ ಜನವರಿ ಮುಗಿಯೋದರೊಳಗ ಬಿಸಿಲು ಏರತದ. ಕಾಲಿಗೆ ನೀರಿದ್ದರೆ ಆ ಬಿಸಿಲು ಭತ್ತಕ್ಕೆ ಊಟ. ವರ್ಷಕ್ಕೆ ಎರಡು ಬೆಳೆ ಆದದ್ದು ಹಿಂಗ. ಬೆವರು ಹರಿಯೋ ಕರಾವಳಿಯಿಂದ ಬಂದವರಿಗೆ ಈ ಸೆಕೆ ಹೊಸದೂ ಅಲ್ಲ. ಅಲ್ಲಿಯ ಮೂಲದವರು ಯಾವ ಬಿಸಿಲಿಗೆ ಹೆದರಿ ಹೊಲ ಮಾರಿದರೋ ಅದೇ ಬಿಸಿಲನ್ನ ಬಂದವರು ಲೆಕ್ಕ ಹಾಕಿ ಕೊಂಡರು.

ಕಾಲುವೆ ಮಾಡಿದ್ದು ಭತ್ತಕ್ಕಲ್ಲ ಅನ್ನೋದನ್ನೂ ಹೇಳಬೇಕು. ಇದ್ದ ನೀರನ್ನ ಹೆಚ್ಚು ಹೊಲಕ್ಕೆ ತೆಳುವಾಗಿ ಹಂಚಿ ಜೋಳ, ಹತ್ತಿ, ಶೇಂಗಾ ಬೆಳೆಸಬೇಕು ಅಂತ ಸರ್ಕಾರದ ನಕ್ಷೆ ಇತ್ತು. ಮೇಲ್ಭಾಗದವರು ಭತ್ತ ನಾಟಿ ಮಾಡಿದರು, ಕೊನೆಭಾಗದ ರಾಯಚೂರಿನವರ ತೂಬು ಒಣಗಿತು. ಆ ಜಗಳ ಇನ್ನೂ ಹರಿದಿಲ್ಲ. ಹೂಳು ತುಂಬಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಸುಮಾರು 105ಕ್ಕೆ ಇಳಿದದ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿ ಹೋದಾಗ ಕ್ಯಾಂಪಿನವರಿಗೂ ಮೂಲದವರಿಗೂ ಎದೆ ಒಂದೇ ಹಂಗ ಹೊಡಕೊಂಡಿತು.

ಕೊಟ್ಟವರು ಎಲ್ಲಿ ಹೋದರು?

ಬಂದವರ ದುಡಿಮೆಯನ್ನ ಹೊಗಳೋದು ಸುಲಭ, ಹೊಗಳಲೂಬೇಕು. ಮಾರಿದವರ ಮಾತು ಮಾತ್ರ ಯಾರೂ ಎತ್ತೋದಿಲ್ಲ. ನೀರು ಬಂದರೂ ನೆಲ ಮಟ್ಟ ಮಾಡಲು, ಗೊಬ್ಬರ ತರಲು ಅವರ ಕೈಯಾಗ ರೊಕ್ಕ ಇರಲಿಲ್ಲ, ಎರಿ ನೆಲಕ್ಕೆ ನೀರು ಹಾಯಿಸಿ ರೂಢಿಯೂ ಇರಲಿಲ್ಲ. ಮದುವೆಗೋ ಸಾಲಕ್ಕೋ ಮಾರಿದರು. ಮಾರಿದ ಹೊಲಕ್ಕೇ ನಾಟಿ ಕೂಲಿಗೆ ಹೋದವರು ಅದಾರ.

ಇದನ್ನ ನವಲಗುಂದದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನವಿಲುತೀರ್ಥದ ಅಣೆಕಟ್ಟು 1972ಕ್ಕೆ ಮುಗಿದು ಮಲಪ್ರಭೆ ನಮ್ಮ ಎರಿಗೂ ಬಂದಳು. ಎಷ್ಟೋ ಹೊಲಕ್ಕೆ ನೀರು ಸರಿಯಾಗಿ ಮುಟ್ಟೋದಕ್ಕೆ ಮೊದಲೇ ಅಭಿವೃದ್ಧಿ ಕರ ಬಂತು, ಇನ್ನು ಕೆಲವು ಹೊಲ ಸವಳು ಜವಳಾದವು. 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಗುಂಡು ಹಾರಿ ರೈತರು ಸತ್ತದ್ದು ಇದೇ ಸಿಟ್ಟಿನಿಂದ ಎದ್ದ ಚಳವಳಿಯಲ್ಲಿ.

ಈಗ ಅಗ್ಗದ ನೆಲ ಹುಡುಕೋರು ಬೇರೆ ದಿಕ್ಕಿನಿಂದಲೂ ಬರತಾರ. ಶುಂಠಿ ನೋಡಿ. ಒಮ್ಮೆ ಗಡ್ಡೆ ಕೊಳೆ ಹೊಕ್ಕ ಮಣ್ಣಿನಲ್ಲಿ ಮತ್ತೆ ಶುಂಠಿ ಹಾಕಿದರೆ ಉಳಿಯೋದು ಕಷ್ಟ, ಹೊಸ ನೆಲ ಬೇಕು. ತಮ್ಮಲ್ಲಿ ನೆಲ ಸಾಲದೆ, ಸಿಕ್ಕರೂ ಬೆಲೆ ಕೈಗೆಟುಕದೆ ಕೇರಳದವರು ಕೊಡಗು, ಮೈಸೂರು, ಶಿವಮೊಗ್ಗದ ಕಡೆ ಬಂದು ಲಾವಣಿಗೆ ಹಿಡಿದರು. ಬೆಳೆ ಕಿತ್ತು ಮುಂದಿನ ಊರಿಗೆ ಹೋದರು. ರೊಕ್ಕ ಕೈಗೆ ಬಂತು, ರೋಗ ಹೊಲದಾಗ ಉಳೀತು. ಕಲಘಟಗಿಯ ಮಸಾರಿ ನೆಲದವರು ಲಾವಣಿ ರೊಕ್ಕ ಎಣಿಸೋ ಮೊದಲು, ಬಿತ್ತನೆ ಗಡ್ಡೆ ಎಲ್ಲಿಂದ ತರತೀರಿ, ಉಪಚಾರ ಮಾಡೀರೇನು, ಬಸಿಗಾಲುವೆ ಎಲ್ಲಿ ತೋಡ್ತೀರಿ ಅಂತ ಕೇಳಬೇಕು.

ಲಾವಣಿಗೆ ಇನ್ನೊಂದು ತೊಡಕದ. 1974ರ ಭೂಸುಧಾರಣೆ ತಿದ್ದುಪಡಿ ಆದಾಗಿನಿಂದ ನಮ್ಮ ರಾಜ್ಯದಲ್ಲಿ ಹೊಲ ಗೇಣಿಗೆ ಕೊಡೋದಕ್ಕೆ ಸೈನಿಕರಂಥ ಕೆಲವರಿಗೆ ಬಿಟ್ಟರೆ ಕಾನೂನಿನ ಒಪ್ಪಿಗೆ ಇಲ್ಲ. ಅದಕ್ಕೇ ಲಾವಣಿ, ಕೋರು ಎಲ್ಲಾ ಬಾಯಿಮಾತಿನಲ್ಲಿ ನಡೀತಾವ, ಕೆಟ್ಟರೆ ಕೇಳೋಕೆ ಕಾಗದ ಇರೋದಿಲ್ಲ. ಕೊಳ್ಳೋರಿಗೆ ಮಾತ್ರ ದಾರಿ ಅಗಲಾಗಿದೆ. 2020ರ ತಿದ್ದುಪಡಿ ಒಕ್ಕಲುತನ ಮಾಡದವರೂ ಹೊಲ ಕೊಳ್ಳಲು ಬಾಗಿಲು ತೆರೆಯಿತು. ಹುಬ್ಬಳ್ಳಿ ಸುತ್ತ ಬೆಲೆ ಏರಿದಂತೆ ರೊಕ್ಕದವರ ಕಣ್ಣು ಕುಂದಗೋಳ, ಅಣ್ಣಿಗೇರಿ ಕಡೆ ಹೊರಳೋದು ಸಹಜ. ಎರಿ ಹೊಲ ನೋಡಾಕ ಕಾರಿನಲ್ಲಿ ಬಂದವ ‘ಇಲ್ಲಿ ಮಳೆಯೇ ಇಲ್ಲ ಬಿಡ್ರಿ’ ಅಂತ ಬೆಲೆ ಇಳಿಸಿದರೆ, ಹಿಂಗಾರಿ ಕಡಲಿ ಎಷ್ಟು ಚೀಲ ಬಂದಿತ್ತು, ಮೆಣಸಿನಕಾಯಿ ಬ್ಯಾಡಗಿ ಪೇಟೆಯಲ್ಲಿ ಎಷ್ಟಕ್ಕೆ ಹೋಯಿತು ಅನ್ನೋ ಚೀಟಿಗಳನ್ನ ತಗೊಂಡೇ ಮಾತಿಗೆ ಕೂಡ್ರಿ.