ಗುಡ್ಡೆಯ ನೀರು, ಅಂಗಳದ ಭತ್ತ

ತಿರುವನಂತಪುರದಲ್ಲಿ ಕುಳಿತು ನೋಡುವವರಿಗೆ ನಮ್ಮದು ರಾಜ್ಯದ ಬಡಗಣ ಕೊನೆಯ ಮೂಲೆ. ಮಂಗಳೂರಿನಲ್ಲಿ ನಿಂತು ನೋಡುವವರಿಗೆ ತಲಪಾಡಿ ದಾಟಿದರೆ ಸಿಗುವ ತೆಂಕಣ ನಾಡು. ಎರಡು ಕಡೆಯವರಿಗೂ ನಾವು ಅಂಚಿನವರು. ಅಂಚಿನಲ್ಲಿ ಬಾಳುವವರ ಸಾಹಸ ನಡುವಿನವರ ಕಿವಿಗೆ ಬೀಳುವುದು ತಡವಾಗಿ. ಅದು ಇರಲಿ. ನಮ್ಮ ಊರಿನವರ ಸಾಹಸವನ್ನು ನಾವಾದರೂ ಸರಿಯಾಗಿ ತಿಳಿದುಕೊಂಡಿದ್ದೇವೆಯೇ ಎಂಬ ಪ್ರಶ್ನೆ ಇತ್ತೀಚೆಗೆ ನಮ್ಮನ್ನು ಕಾಡಿತು. ಅದರ ಫಲವೇ ಈ ಬರಹ.

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರು ಮಳೆ ಬೀಳುತ್ತದೆ. ಸಣ್ಣದು ದೊಡ್ಡದು ಸೇರಿ 12 ಹೊಳೆಗಳು. ಹೊರಗಿನವರು ಇದನ್ನು ಕೇಳಿದರೆ ಇಲ್ಲಿ ನೀರಿಗೆ ಬರವೆಂದರೆ ನಂಬಲಾರರು. ಆದರೆ ಮಳೆಯ ಬಹುಪಾಲು ನಾಲ್ಕು ತಿಂಗಳಲ್ಲಿ ಬಿದ್ದು ಮುಗಿಯುತ್ತದೆ. ಇಳಿಜಾರಿನ ನಾಡು, ಓಡುವ ಹೊಳೆ, ಹತ್ತಿರದಲ್ಲೇ ಕಡಲು. ಬಿದ್ದ ನೀರು ನಿಲ್ಲುವುದಿಲ್ಲ. ಪಗ್ಗು ತಿಂಗಳು ಬಂತೆಂದರೆ ಗುಡ್ಡೆಯ ಮೇಲಿನ ಮನೆಯ ಹೆಂಗಸರು ಕೊಡ ಹಿಡಿದು ಬಯಲಿಗೆ ಇಳಿಯಬೇಕು. ಮುರಕಲ್ಲಿನ ನೆಲದಲ್ಲಿ ಬಾವಿ ತೋಡಿದರೆ ಎಷ್ಟು ಆಳಕ್ಕೆ ನೀರು ಸಿಕ್ಕೀತೆಂದು ಹೇಳುವಂತಿಲ್ಲ. ಸಿಕ್ಕಿದರೂ ಮೇಲೆತ್ತುವ ಕಷ್ಟ ಬೇರೆ.

ಈ ಕಷ್ಟಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉಪಾಯವೇ ಸುರಂಗ. ಕೆಳಕ್ಕೆ ತೋಡುವ ಬದಲು ಗುಡ್ಡೆಯ ಪಕ್ಕೆಗೆ ಅಡ್ಡಲಾಗಿ ಕೊರೆಯುವುದು. ಒಬ್ಬ ಆಳು ನಿಂತು ಪಿಕ್ಕಾಸು ಬೀಸುವಷ್ಟು ಎತ್ತರ, ಭುಜ ತಾಗಿಸಿಕೊಂಡು ಹೋಗುವಷ್ಟು ಅಗಲ. ಒಳಗೆ ಹೋದಂತೆ ನೆಲ ತುಸುವೇ ಏರುತ್ತಿರಬೇಕು. ಹಾಗಿದ್ದರೆ ಕಲ್ಲಿನ ಸಂದಿಯಿಂದ ಒಸರಿದ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಎತ್ತಲು ಏತ ಬೇಡ, ಪಂಪು ಬೇಡ, ಕರೆಂಟು ಬೇಡ. ಹಿಂದೆ ಅಡಿಕೆ ಮರದ ದಂಬೆಯಲ್ಲಿ, ಈಗ ಪ್ಲಾಸ್ಟಿಕ್ ಪೈಪಿನಲ್ಲಿ, ನೀರು ನೇರವಾಗಿ ಮನೆಯ ತಾಂಕಿಗೋ ತೋಟದ ಮದಕಕ್ಕೋ ಬಂದು ಬೀಳುತ್ತದೆ. ಬಾಯಾರು, ಪಡ್ರೆ, ಶೇಣಿ, ಎಣ್ಮಕಜೆಯ ಕಡೆ ಸುರಂಗವಿಲ್ಲದ ಗುಡ್ಡೆ ಅಪರೂಪ. ಜಿಲ್ಲೆಯಲ್ಲಿ ಇಂತಹವು ಸಾವಿರಾರು ಇವೆ.

ಇದನ್ನು ಪರ್ಷಿಯಾದ ಕನಾತ್‌ಗಳಿಗೆ ಹೋಲಿಸಿದವರುಂಟು. ಬೀದರಿನಲ್ಲಿ ಬಹಮನಿ ಅರಸರ ಕಾಲದ ಕರೇಜ್ ಇರುವುದನ್ನೂ ವಾಚಕರು ಕೇಳಿರಬಹುದು. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಕರೇಜ್ ಅರಸರು ನಗರಕ್ಕಾಗಿ ಮಾಡಿಸಿದ ಕಾಮಗಾರಿ. ನಮ್ಮ ಸುರಂಗಕ್ಕೆ ಅರಸನಿಲ್ಲ, ಇಂಜಿನಿಯರನಿಲ್ಲ, ಸರಕಾರದ ಯೋಜನೆ ಇಲ್ಲ. ಒಂದು ಮನೆ, ಒಂದು ತೋಟ, ಅದಕ್ಕೊಂದು ಸುರಂಗ. ಇದು ಬಡವನ ತೋಳಿನ ಕೆಲಸ.

ಕಳೆದ ಬೇಸಗೆಯಲ್ಲಿ ಬಾಯಾರು ಕಡೆಯ ಒಂದು ಮನೆಗೆ ಹೋಗಿದ್ದೆವು. ಆ ಮನೆಯ ಹಿಂದಿನ ಸುರಂಗದೊಳಗೆ ಹತ್ತು ಹೆಜ್ಜೆ ನಡೆದೆವು. ಹನ್ನೊಂದನೆಯ ಹೆಜ್ಜೆಗೆ ಧೈರ್ಯ ಸಾಲಲಿಲ್ಲ. ಹಿಂದೆ ಬಾಗಿಲಿನ ಬೆಳಕು ಅಂಗೈಯಷ್ಟಾಗಿತ್ತು. ಮುಂದೆ ಕತ್ತಲೆ, ಕಾಲಡಿ ತಣ್ಣೀರು, ತಲೆಯ ಮೇಲೆ ಬಾವಲಿ. ಇಂತಹ ಜಾಗದಲ್ಲಿ ದಿನವಿಡೀ ಮಣ್ಣು ಅಗೆದವನ ಎದೆ ಎಂತಹದಿರಬೇಕು!

ಪ್ರಾಯದಲ್ಲಿ ಅದೇ ಕೆಲಸ ಮಾಡುತ್ತಿದ್ದ ಅಜ್ಜನೊಬ್ಬರು ಜತೆಗಿದ್ದರು. ಬೇಸಗೆಯಲ್ಲೂ ಹಸಿರು ಬಾಡದ ಗಿಡ, ಗುಡ್ಡೆಯ ಹುತ್ತ, ಮಣ್ಣಿನ ಬಣ್ಣ ಇವನ್ನೆಲ್ಲ ನೋಡಿ ಜಾಗ ಗುರುತಿಸುವ ಬಗೆಯನ್ನು ವಿವರಿಸಿದರು. ಕೂಲಿ ದಿನದ ಲೆಕ್ಕದಲ್ಲಲ್ಲ, ಕೋಲಿನ ಲೆಕ್ಕದಲ್ಲಿ. ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ಒಬ್ಬ ಅಗೆಯಬೇಕು, ಇನ್ನೊಬ್ಬ ಬುಟ್ಟಿಯಲ್ಲಿ ಮಣ್ಣು ಹೊರಗೆ ಸಾಗಿಸಬೇಕು. ಒಳಗೆ ಒಂದು ಮೇಣದ ಬತ್ತಿ ಹಚ್ಚಿಟ್ಟಿರಬೇಕು. ಅದು ಬರಿಯ ಬೆಳಕಿಗಲ್ಲ. ಬತ್ತಿ ಮಂಕಾಯಿತೆಂದರೆ ಗಾಳಿ ಸಾಲದು ಎಂದರ್ಥ. ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ ಬಂದುಬಿಡಬೇಕು. ಮುರಕಲ್ಲು ಗಟ್ಟಿ, ನಂಬಬಹುದು. ಅದು ಮುಗಿದು ಮೆದು ಮಣ್ಣು ಸಿಕ್ಕಿದರೆ ಮೇಲಿನ ಮಾಡು ಕುಸಿಯುವ ಭಯ.

"ಈ ಸುರಂಗ ಅಗೆದದ್ದು ಯಾರು ಅಜ್ಜ?" ಎಂದು ಕೇಳಿದೆವು. ಅವರು ಜಾಗದ ಹಳೆಯ ಯಜಮಾನರ ಹೆಸರು ಹೇಳಿದರು. "ಅದು ಮಾಡಿಸಿದವರದ್ದಾಯಿತು. ಅಗೆದವರು?" ಅಜ್ಜ ನಕ್ಕುಬಿಟ್ಟರು. "ಅವರ ಹೆಸರು ಎಂತಕ್ಕೆ ಪೇಪರಿನವರೇ? ನೀರು ಬಂತಲ್ಲ, ಸಾಕು."

ಸಾಕೇ? ಆ ಮಾತು ಹಿಂದಿರುಗುವ ದಾರಿಯುದ್ದಕ್ಕೂ ನಮ್ಮನ್ನು ಬಿಡಲಿಲ್ಲ. ಯಜಮಾನರ ಹೆಸರಿನಿಂದ ಕರೆಯುವ ಸುರಂಗಗಳು ಊರೂರಲ್ಲಿವೆ. ಅಗೆದವರ ಹೆಸರು ಹೊತ್ತ ಸುರಂಗ ನಮಗಂತೂ ಕಾಣಸಿಗಲಿಲ್ಲ.

ಹೆಸರು ಉಳಿದ ಒಬ್ಬರಿದ್ದಾರೆ. ಪೆರ್ಲದಿಂದ ಗಡಿ ದಾಟಿದರೆ ಅಡ್ಯನಡ್ಕ. ಅಲ್ಲಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರ ಕತೆ ನಮ್ಮ ಕಡೆಯ ಮಕ್ಕಳಿಗೂ ಈಗ ಗೊತ್ತು. ಆದರೆ ಅದರ ಮೊದಲ ಭಾಗವನ್ನು ನೆನಪಿಟ್ಟುಕೊಂಡವರು ಕಡಿಮೆ. ನಾಯ್ಕರು ಅಡಿಕೆ ಮರ, ತೆಂಗಿನ ಮರ ಹತ್ತುವ ಕೂಲಿ ಕೆಲಸಗಾರರಾಗಿದ್ದರು. ಅವರ ಪ್ರಾಮಾಣಿಕತೆಯನ್ನು ಮೆಚ್ಚಿದ ಜಮೀನಿನ ಯಜಮಾನರು 1978ರ ಸುಮಾರಿಗೆ ಎರಡು ಎಕರೆ ಜಾಗ ಕೊಟ್ಟರು. ಜಾಗವೆಂದರೆ ಬೋಳು ಗುಡ್ಡೆಯ ಇಳಿಜಾರು. ಒಂದು ಹನಿ ನೀರಿಲ್ಲ. ಬಾವಿ ತೋಡಿಸಲು ಕೈಯಲ್ಲಿ ಕಾಸಿಲ್ಲ, ಸುರಂಗಕ್ಕೆ ಜತೆಯಾಳು ಇಡುವ ಶಕ್ತಿಯೂ ಇಲ್ಲ.

ಹಾಗಾಗಿ ಒಬ್ಬರೇ ಹೊರಟರು. ಹಗಲು ಕೂಲಿ, ಅದು ಮುಗಿದ ಮೇಲೆ ರಾತ್ರಿಯವರೆಗೆ ದೀಪದ ಬೆಳಕಿನಲ್ಲಿ ಸುರಂಗ. ಅಗೆಯುವವರೂ ಅವರೇ, ಮಣ್ಣು ಹೊರುವವರೂ ಅವರೇ. ಮೊದಲನೆಯದರಲ್ಲಿ ನೀರಿಲ್ಲ. ಎರಡನೆಯದರಲ್ಲೂ ಇಲ್ಲ. ಒಂದರ ಹಿಂದೊಂದು ಸುರಂಗ ಕೈಕೊಟ್ಟಿತು, ವರ್ಷಗಳು ಉರುಳಿದವು. ಊರವರು ಹುಚ್ಚನೆಂದರು. ನಾಯ್ಕರು ಪಿಕ್ಕಾಸು ಕೆಳಗಿಡಲಿಲ್ಲ. ಕೊನೆಗೂ ಗುಡ್ಡೆ ಸೋತಿತು. ನೀರು ಬಂತು. ಇಳಿಜಾರನ್ನು ತಟ್ಟು ತಟ್ಟಾಗಿ ಸಮ ಮಾಡಿ ಅಡಿಕೆ, ತೆಂಗು, ಬಾಳೆ, ಕರಿಮೆಣಸು ಬೆಳೆಸಿದರು. 2022ರಲ್ಲಿ ಕೇಂದ್ರ ಸರಕಾರ ಅವರಿಗೆ ಪದ್ಮಶ್ರೀ ನೀಡಿತು. ಸುರಂಗಗಳ ಬಗ್ಗೆ, ನಾಯ್ಕರ ಬಗ್ಗೆ ದೇಶಕ್ಕೆ ತಿಳಿಯುವಂತೆ ಬರೆದವರು ನಮ್ಮ ಪಡ್ರೆಯವರೇ ಆದ, 'ಅಡಿಕೆ ಪತ್ರಿಕೆ'ಯ ಶ್ರೀಪಡ್ರೆ ಎಂಬುದನ್ನೂ ಇಲ್ಲಿ ಸ್ಮರಿಸಬೇಕು.

ಇನ್ನು ಗಡಿಯ ಈಚೆಗೆ ಬರೋಣ. ನೀರು ಕಾದವರ ಕತೆಯಾಯಿತು. ಅನ್ನ ಕಾದವರೊಬ್ಬರು ಬೆಳ್ಳೂರಿನ ನೆಟ್ಟಣಿಗೆಯಲ್ಲಿದ್ದಾರೆ. ಅವರು ಸತ್ಯನಾರಾಯಣ ಬೇಳೇರಿ.

ನಮ್ಮಲ್ಲಿ ಗದ್ದೆಯೆಂದರೆ ಒಂದೇ ಬಗೆಯದಲ್ಲ. ತಗ್ಗಿನ ಬಯಲು, ನಡುವಿನ ಮಜಲು, ಮೇಲಿನ ಬೆಟ್ಟು. ಏಣೆಲು, ಸುಗ್ಗಿ, ಕೊಳಕೆ ಎಂದು ಬೆಳೆಯೂ ಮೂರು. ಬಯಲಿಗೆ ಒಪ್ಪಿದ ಭತ್ತ ಬೆಟ್ಟಿಗೆ ಒಪ್ಪದು. ಹಾಗಾಗಿ ಗದ್ದೆಗೊಂದು, ಬೆಳೆಗೊಂದು ತಳಿ ಇತ್ತು. ಗದ್ದೆಗಳು ಅಡಿಕೆ ತೋಟವಾದವು, ಗುಡ್ಡೆಗಳು ರಬ್ಬರಾದವು. ಉಳಿದ ಗದ್ದೆಗೆ ಹೆಚ್ಚು ಇಳುವರಿಯ ಹೊಸ ಬೀಜ ಬಂತು. ಹಳೆಯ ತಳಿಗಳು ಯಾರಿಗೂ ಹೇಳದೆ ಹೊರಟುಹೋದವು.

ಬೇಳೇರಿಯವರು ಆ ತಳಿಗಳನ್ನು ಹುಡುಕಿ ತಂದರು. ರಾಜಕಯಮೆ ಎಂಬ ಒಂದು ಭತ್ತದಿಂದ ತೊಡಗಿದ ಈ ಗೀಳು 650ಕ್ಕೂ ಹೆಚ್ಚು ತಳಿಗಳ ಸಂಗ್ರಹವಾಗಿ ಬೆಳೆಯಿತು. ಅಷ್ಟನ್ನೂ ಬೆಳೆಯಲು ಅವರಲ್ಲಿ ವಿಶಾಲವಾದ ಗದ್ದೆ ಇದೆಯೇ ಎಂದರೆ, ಇಲ್ಲ. ಕಾಗದದ ಲೋಟದಲ್ಲಿ ಮೊಳಕೆ ಬರಿಸಿ, ಮಣ್ಣು ತುಂಬಿದ ಗ್ರೋ ಬ್ಯಾಗುಗಳಲ್ಲಿ ನೆಟ್ಟು, ಮನೆಯ ಅಂಗಳವನ್ನೇ ಗದ್ದೆ ಮಾಡಿಕೊಂಡರು.

ಇದನ್ನು ಓದಲು ಸುಲಭ. ಮಾಡುವ ಕಷ್ಟ ಬೇಸಾಯ ಬಲ್ಲವರಿಗೆ ಗೊತ್ತು. ಭತ್ತದ ಬೀಜ ಡಬ್ಬದಲ್ಲಿಟ್ಟು ಮರೆಯುವಂತಹದಲ್ಲ. ನಮ್ಮ ಸೆಕೆಗೆ ಒಂದೆರಡು ವರ್ಷದಲ್ಲಿ ಅದರ ಮೊಳೆಯುವ ಶಕ್ತಿ ಕುಂದುತ್ತದೆ. ಹಾಗಾಗಿ ಬಿತ್ತುತ್ತಲೇ ಇರಬೇಕು, ಕೊಯ್ಯುತ್ತಲೇ ಇರಬೇಕು. ಒಂದು ತಳಿಯ ಕಾಳು ಇನ್ನೊಂದಕ್ಕೆ ಬೆರೆಯದಂತೆ ಚೀಟಿ ಕಟ್ಟಬೇಕು. ತೆನೆ ಬಲಿತಾಗ ಹಕ್ಕಿ, ಇಲಿಗಳನ್ನು ಕಾಯಬೇಕು. ಇಷ್ಟೆಲ್ಲ ಮಾಡಿ ಕೊನೆಗೆ ಕೈಗೆ ಸಿಗುವುದು ಒಂದು ಹಿಡಿ ಬೀಜ. ಅದನ್ನು ಮಾರಿ ಯಾರೂ ಶ್ರೀಮಂತರಾಗಿಲ್ಲ. 2024ರಲ್ಲಿ ಬೇಳೇರಿಯವರಿಗೂ ಪದ್ಮಶ್ರೀ ಬಂತು. ಎರಡು ವರ್ಷಗಳ ಅಂತರದಲ್ಲಿ, ಗಡಿಯ ಎರಡು ಬದಿಯ, ಒಂದೇ ಮಣ್ಣಿನ ಇಬ್ಬರು ಕೃಷಿಕರಿಗೆ ರಾಷ್ಟ್ರದ ಗೌರವ. ನಮಗೆ ಹೆಮ್ಮೆಯಾಗದಿದ್ದರೆ ಇನ್ನಾರಿಗೆ ಆಗಬೇಕು?

ಆದರೆ ಹೆಮ್ಮೆಯ ಜತೆಗೆ ಒಂದು ಆತಂಕವೂ ಇದೆ. ಅದನ್ನು ಹೇಳದೆ ಈ ಬರಹ ಮುಗಿಸಿದರೆ ತಪ್ಪಾದೀತು.

ಸನ್ಮಾನ ಮಾಡಿದೆವು, ಶಾಲು ಹೊದಿಸಿದೆವು, ಫೋಟೋ ಹಾಕಿದೆವು. ಆಮೇಲೆ ಮನೆಗೆ ಬಂದು ಕೊಳವೆ ಬಾವಿ ಕೊರೆಸಿದೆವು. ಸುರಂಗ ಗುಡ್ಡೆ ಕೊಟ್ಟಷ್ಟನ್ನೇ ತರುತ್ತದೆ. ಮಳೆ ಇಂಗಿದಷ್ಟೇ ನೀರು. ಕೊಳವೆ ಬಾವಿ ಹಾಗಲ್ಲ. ಅಜ್ಜನ ಕಾಲದ ನೀರನ್ನು ಆಳದಿಂದ ಎಳೆದು ಮೊಮ್ಮಗನಿಗೆ ಬರಿದು ಕೊಳವೆ ಬಿಡುತ್ತದೆ. ಬಳಸದ ಸುರಂಗದ ಬಾಯಿಗೆ ಬಲ್ಲೆ ಬೆಳೆಯುತ್ತದೆ, ಮಣ್ಣು ಕುಸಿಯುತ್ತದೆ, ಮತ್ತೆ ಅದನ್ನು ತೆರೆಯುವವರಿಲ್ಲ. ಹೊಸದು ಅಗೆಯಬಲ್ಲವರು ಬೆರಳೆಣಿಕೆಯಷ್ಟು, ಅವರಿಗೂ ಪ್ರಾಯವಾಯಿತು. ಅವರ ಮಕ್ಕಳು ಆ ಕೆಲಸಕ್ಕೆ ಬರಲಿಲ್ಲ. ಜೀವಕ್ಕೆ ಅಪಾಯವಿರುವ, ಮರ್ಯಾದೆ ಸಿಗದ ಕೆಲಸಕ್ಕೆ ಬರಬೇಕೆಂದು ಹೇಳಲು ನಮಗೇನು ಹಕ್ಕು?

ಹಾಗಾದರೆ ನಮ್ಮಿಂದ ಆಗುವುದು ಏನು? ದೊಡ್ಡ ಯೋಜನೆಯ ಮಾತು ಬೇಡ. ಇರುವ ಸುರಂಗದ ಹೂಳು ತೆಗೆಸೋಣ. ಅದರ ಮೇಲಿನ ಗುಡ್ಡೆಯಲ್ಲಿ ಇಂಗುಗುಂಡಿ ತೋಡೋಣ, ಮರ ಉಳಿಸೋಣ. ಅಂಗಳದಲ್ಲಿ ಜಾಗವಿದ್ದವರು ಹಳೆಯ ಭತ್ತದ ಒಂದು ತಳಿಯನ್ನಾದರೂ ನಾಲ್ಕು ಚೀಲದಲ್ಲಿ ಬೆಳೆಸಲಿ. 650 ತಳಿಗಳ ಭಾರ ಒಂದೇ ಮನೆಯ ಮೇಲಿದ್ದರೆ ಆ ಮನೆಯವರಿಗೆ ಕೈಲಾಗದ ದಿನ ಅಷ್ಟೂ ಹೋದಂತೆ.

ಎಲ್ಲಕ್ಕಿಂತ ಮೊದಲು ಇನ್ನೊಂದು ಕೆಲಸ ಇದೆ. ನಿಮ್ಮ ಮನೆಯ ಸುರಂಗ ಅಗೆದವರು ಯಾರು? ಮನೆಯ ಹಿರಿಯರನ್ನು ಈ ವಾರವೇ ಕೇಳಿ. ಗೊತ್ತಿದ್ದರೆ ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಬೇಸಗೆಗೆ ಕೇಳೋಣವೆಂದರೆ ಹೇಳುವವರು ಇರಲಾರರು.

ಬಾಯಾರಿನ ಅಜ್ಜನ ಹೆಸರನ್ನು ಇಲ್ಲಿ ಹಾಕಿಲ್ಲ. ಅವರು ಬೇಡವೆಂದರು. ಆದರೆ ಹೊರಡುವಾಗ ಮತ್ತೊಮ್ಮೆ ಕೇಳಿದಾಗ, ತಮ್ಮೊಂದಿಗೆ ಮಣ್ಣು ಹೊತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳಿದರು. ಎಲ್ಲರೂ ತೀರಿಹೋದವರು. ಬೆರಳು ಮಡಚಿ ಲೆಕ್ಕ ಹಾಕಿದರು, ಒಂದು ಹೆಸರು ನೆನಪಾಗಲಿಲ್ಲ. ಬಹಳ ಹೊತ್ತು ಯೋಚಿಸಿದರು. "ಇನ್ನೊಬ್ಬ ಇದ್ದ" ಎಂದರು.

ನಮ್ಮ ಪುಸ್ತಕದಲ್ಲಿ ಆ ಒಂದು ಗೆರೆ ಈಗಲೂ ಖಾಲಿಯಾಗಿದೆ.