ಊರು ಬಿಟ್ಟ ಗೂಳಿಗಳು

ಕೋಲಾರದಿಂದ ಬೆಂಗಳೂರಿಗೆ ಹಳೆಯ ಮದರಾಸು ರಸ್ತೆಯಲ್ಲಿ ಸುಮಾರು 70 ಕಿಲೋಮೀಟರು. ಮಾಲೂರಿನವರಿಗೆ ರೈಲೇ ಉಂಟು. ಮುಳಬಾಗಿಲು, ಶ್ರೀನಿವಾಸಪುರಗಳು ತುಸು ದೂರವಾದರೂ, ಮಧ್ಯಾಹ್ನ ಹೊರಟು ಸಂಜೆಯ ಪಂದ್ಯ ನೋಡಿ ಅದೇ ರಾತ್ರಿ ಮನೆ ಸೇರಲು ಅಡ್ಡಿಯಿಲ್ಲ. ಹಿರಿಯರು ಚಡುಗುಡು ಎಂದು ಕರೆಯುತ್ತಿದ್ದ ಕಬಡ್ಡಿಗೆ 2014ರಲ್ಲಿ ವೃತ್ತಿಪರ ಲೀಗು ಮೊದಲಾದಾಗ, ಈ ನಾಲ್ಕು ತಾಲ್ಲೂಕುಗಳ ಅಭಿಮಾನಿಗಳಿಗೆ ಅತಿ ಸಮೀಪದ ತಂಡವಾಗಿ ಒದಗಿದುದು ಬೆಂಗಳೂರು ಬುಲ್ಸ್. ಕಂಠೀರವ ಒಳಾಂಗಣ ಕ್ರೀಡಾಂಗಣವೇ ಅದರ ತವರು. ಎರಡನೆಯ ವರ್ಷವೇ ತಂಡವು ಅಂತಿಮ ಪಂದ್ಯದವರೆಗೆ ಏರಿ, ಯು ಮುಂಬಾ ತಂಡಕ್ಕೆ 30–36ರಿಂದ ಮಣಿಯಿತು.

ಪ್ರತಿಯೊಂದು ತಂಡವೂ ತನ್ನ ಊರಿನಲ್ಲಿ ಒಂದು ವಾರದಷ್ಟು ಕಾಲ ಸತತವಾಗಿ ಆಡುವುದು ಆಗಿನ ಲೀಗಿನ ಕ್ರಮವಾಗಿತ್ತು. ಆ ವಾರ ತಪ್ಪಿತೆಂದರೆ ವರ್ಷವೇ ತಪ್ಪಿದಂತೆ. 2017ರಲ್ಲಿ ಆದದ್ದು ಅದೇ. ಕಂಠೀರವ ಕ್ರೀಡಾಂಗಣ ದೊರೆಯದೆ, ಬುಲ್ಸ್ ತಂಡದ ತವರು ಪಂದ್ಯಗಳು ನಾಗಪುರಕ್ಕೆ ಹೋದವು. ಕೋಲಾರಕ್ಕೂ ಅದಕ್ಕೂ ಸಾವಿರ ಕಿಲೋಮೀಟರಿಗೂ ಮಿಗಿಲಾದ ಅಂತರ! ಮರುವರ್ಷ ಪುಣೆ. ಅಲ್ಲಿನ ಜನಕ್ಕೆ ಅವರದೇ ಆದ ಪುಣೇರಿ ಪಲ್ಟನ್ ಇರುವಾಗ, ಬೆಂಗಳೂರಿನ ಹೆಸರು ಹೊತ್ತು ಬಂದವರನ್ನು ತಮ್ಮವರೆಂದು ಹುರಿದುಂಬಿಸುವವರು ಯಾರು?

ತಂಡಗಳು ಊರು ಬಿಡುವುದು ಹೊಸತಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಡಾಡ್ಜರ್ಸ್ ಬೇಸ್‌ಬಾಲ್ ತಂಡದ ಒಡೆಯ ವಾಲ್ಟರ್ ಓಮ್ಯಾಲಿ, ಹೊಸ ಕ್ರೀಡಾಂಗಣಕ್ಕೆ ಬಯಸಿದ ಜಾಗ ಸಿಕ್ಕದೆ, 1957ರ ಪಂದ್ಯಗಳು ಮುಗಿದ ಮೇಲೆ ತಂಡವನ್ನು ಲಾಸ್ ಏಂಜಲಿಸ್‌ಗೆ ಒಯ್ದರು. ಹಳೆಯ ಮೈದಾನ ಎಬೆಟ್ಸ್ ಫೀಲ್ಡ್ 1960ರಲ್ಲಿ ನೆಲಸಮವಾಯಿತು. ಡಾಡ್ಜರ್ಸ್ ಮರಳಲೇ ಇಲ್ಲ. ಆದರೆ ಹೊಸ ಊರಿನ ಹೆಸರನ್ನಾದರೂ ತಳೆದರು. ಒಂದು ಊರು ಅತ್ತಿತು, ಇನ್ನೊಂದು ನಕ್ಕಿತು. ಬುಲ್ಸ್ ತಂಡದ ಪಾಡು ಬೇರೆ. ಹೆಸರು ಬೆಂಗಳೂರಿನದು, ಅಂಕಣ ಪರರದು. ತಂಡದ ಮುಂದಾಳುಗಳೂ ದೆಹಲಿ–ಹರಿಯಾಣದ ಕಡೆಯವರು. ಅವರನ್ನು ಊರಿನೊಡನೆ ಬೆಸೆಯುತ್ತಿದ್ದುದು ಆ ಒಂದು ವಾರದ ಆಟವೇ ಅಲ್ಲವೆ?

ವಿಧಿಯ ವಿನೋದವೆಂಬಂತೆ, ತವರಿನಲ್ಲಿ ಒಂದು ಪಂದ್ಯವನ್ನೂ ಆಡದ ಆ ಋತುವಿನಲ್ಲೇ ತಂಡಕ್ಕೆ ಕಿರೀಟ ದಕ್ಕಿತು. 2019ರ ಜನವರಿ 5ರಂದು ಮುಂಬಯಿಯಲ್ಲಿ, ಮೊದಲರ್ಧದಲ್ಲಿ ಹಿಂದೆ ಬಿದ್ದಿದ್ದ ರೋಹಿತ್ ಕುಮಾರ್ ನಾಯಕತ್ವದ ತಂಡ ಗುಜರಾತನ್ನು 38–33ರಿಂದ ಸೋಲಿಸಿತು. ಪವನ್ ಸೆಹ್ರಾವತ್ ಒಬ್ಬರೇ ದಾಳಿಯಲ್ಲಿ 22 ಅಂಕ ಸೂರೆಗೊಂಡರು. ಕೋಲಾರದ ಅಭಿಮಾನಿಗಳಿಗೆ ಆ ಗೆಲುವು ಟೆಲಿವಿಷನ್ನಿನ ಪರದೆಯ ಮೇಲಷ್ಟೆ ಕಂಡಿತು.

2019ರಲ್ಲಿ ಗೂಳಿಗಳು ಕಂಠೀರವಕ್ಕೆ ಮರಳಿದವು. ಅನಂತರ ಕೋವಿಡ್ ಬಂದಿತು. 2021ರ ಡಿಸೆಂಬರಿನಿಂದ 2022ರ ಫೆಬ್ರವರಿಯವರೆಗೆ ಎಲ್ಲ ತಂಡಗಳ ಪಂದ್ಯಗಳೂ ವೈಟ್‌ಫೀಲ್ಡಿನ ಒಂದೇ ಹೋಟೆಲಿನಲ್ಲಿ ನಡೆದವು. ಮಾಲೂರಿನ ರೈಲು ಹಾದುಹೋಗುವ ವೈಟ್‌ಫೀಲ್ಡ್! ಲೀಗು ಕೋಲಾರ ಜಿಲ್ಲೆಗೆ ಅಷ್ಟು ಹತ್ತಿರ ಎಂದೂ ಬಂದಿರಲಿಲ್ಲ. ಆದರೆ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ.

2022 ಹಾಗೂ 2023ರಲ್ಲಿ ಕಂಠೀರವದ ಬಾಗಿಲು ಮತ್ತೆ ತೆರೆಯಿತು. ಬಳಿಕ ಕೆಲವೇ ನಗರಗಳಲ್ಲಿ ಆಡಿಸುವ ಪದ್ಧತಿ ಬಂದು, 2024ರಲ್ಲಿ ಹೈದರಾಬಾದು, ನೋಯ್ಡಾ, ಪುಣೆಗಳಿಗೂ, 2025ರಲ್ಲಿ ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಗಳಿಗೂ ಪಂದ್ಯಗಳು ಸಂದವು. ಎರಡು ಪಟ್ಟಿಗಳಲ್ಲೂ ಬೆಂಗಳೂರಿಲ್ಲ. ಮುಳಬಾಗಿಲಿನವರು ಹಳೆಯ ಮದರಾಸು ರಸ್ತೆಯಲ್ಲಿ ಪಶ್ಚಿಮಕ್ಕೆ ಬದಲು ಪೂರ್ವಕ್ಕೆ ಹೊರಟಿದ್ದರೆ, ಚೆನ್ನೈಯಲ್ಲಿ ತಮ್ಮ ತಂಡವನ್ನು ಕಾಣಬಹುದಿತ್ತು.